ನಕ್ಷೆಯ ಮೇಲೆ ನಕ್ಷೆ ಕೂಡುವ ಬಗೆ

ಹಳ್ಳಿಯೊಂದರಲ್ಲಿ ಕೆರೆ ಎಲ್ಲಿದೆಯೆಂದು ಕೇಳಿದರೆ, "ಊರ ಅಗಸೆಯಿಂದ ಮೂಡಲಿಗೆ ಎರಡು ಕೂಗಳತೆ" ಎಂಬ ಉತ್ತರ ಬರುವುದುಂಟು. ಈ ಚಿಕ್ಕ ಉತ್ತರದಲ್ಲಿ ಮೂರು ಸಂಗತಿಗಳು ಅಡಕವಾಗಿವೆ: ಎಲ್ಲಿಂದ ಎಣಿಸಬೇಕು, ಯಾವ ದಿಕ್ಕಿಗೆ ಎಣಿಸಬೇಕು, ಯಾವ ಅಳತೆಯಿಂದ ಎಣಿಸಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ಕೇಳಿದವನು ಕೆರೆಯನ್ನು ಮುಟ್ಟಲಾರ. ಅಗಸೆಯ ಬದಲು ಗುಡಿಯ ಗರುಡಗಂಬದಿಂದ ಎಣಿಸಲು ಹೊರಟವನು ಬೇರೊಬ್ಬನ ಹೊಲದಲ್ಲಿ ಹೋಗಿ ನಿಲ್ಲುವನು. ಕೂಗಳತೆಯನ್ನು ಹರದಾರಿಯೆಂದು ತಿಳಿದವನು ಮುಂದಿನ ಊರನ್ನೇ ದಾಟಿಹೋಗುವನು.

ಭೂಪಟಗಳ ವಿಷಯವೂ ಹೀಗೆಯೇ. ನೆಲದ ಮೇಲಣ ಬಿಂದುವೊಂದನ್ನು ಗುರುತಿಸುವ ಸಂಖ್ಯೆಗಳಿಗೆ ನಿರ್ದೇಶಾಂಕಗಳೆಂದು ಹೆಸರು. ಆ ಸಂಖ್ಯೆಗಳನ್ನು ಎಲ್ಲಿಂದ, ಹೇಗೆ, ಯಾವ ಮಾನದಿಂದ ಎಣಿಸಿದೆಯೆಂದು ಹೇಳುವ ಕಟ್ಟಳೆಯೇ ನಿರ್ದೇಶಾಂಕ ವ್ಯವಸ್ಥೆ. ಕಾಗದದ ನಕ್ಷೆಗಳ ಕಾಲದಲ್ಲಿ ಸಾಮಾನ್ಯ ಓದುಗನಿಗೆ ಇದರ ಗೊಡವೆ ಅಷ್ಟಾಗಿ ಇರಲಿಲ್ಲ. ಇಂದು 'ಭೌಗೋಳಿಕ ಮಾಹಿತಿ ವ್ಯವಸ್ಥೆ' ಅಥವಾ ಜಿ.ಐ.ಎಸ್. ಎಂಬ ಗಣಕ ತಂತ್ರಾಂಶದಲ್ಲಿ ನದಿಗಳದೊಂದು ಪದರ, ರಸ್ತೆಗಳದೊಂದು ಪದರ, ಅರಣ್ಯದ ಎಲ್ಲೆಯದೊಂದು ಪದರ, ಉಪಗ್ರಹ ತೆಗೆದ ಚಿತ್ರದ್ದೊಂದು ಪದರ - ಹೀಗೆ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ನಕ್ಷೆಗಳನ್ನು ಜೋಡಿಸಿ ನೋಡುತ್ತಾರೆ. ಆಗ ತೊಡಕು ಕಣ್ಣಿಗೆ ಬೀಳುತ್ತದೆ. ಒಂದು ಪದರದ ಕೆರೆ ಇನ್ನೊಂದು ಪದರದಲ್ಲಿ ತನ್ನ ಏರಿಯನ್ನು ಬಿಟ್ಟು ಪಕ್ಕದ ಗದ್ದೆಯ ಮೇಲೆ ಕುಳಿತಿರುತ್ತದೆ.

ಇದು ಕೇವಲ ಚಿತ್ರದ ಅಂದಗೇಡಿನ ಮಾತಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಆದರೆ ಕೆರೆಯ ಅಂಗಳ ಒತ್ತುವರಿಯಾಗಿದೆಯೇ, ಕಾಡಿನ ಎಲ್ಲೆಯೊಳಗೆ ಉಳುಮೆ ನಡೆದಿದೆಯೇ, ಹೊಸ ರಸ್ತೆ ಯಾರ ಜಮೀನಿನ ಮೇಲೆ ಹಾಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಇಂಥ ಪದರಗಳನ್ನು ನೋಡಿಯೇ ಹೇಳುವುದು ವಾಡಿಕೆಯಾಗಿದೆ. ಚೌಕವಾದ ಒಂದು ಎಕರೆ ಹೊಲದ ಒಂದು ಬದಿ ಸುಮಾರು ೬೪ ಮೀಟರು. ನಕ್ಷೆ ೨೦೦ ಮೀಟರು ಸರಿದರೆ ಅಪವಾದವು ಮೂರು ಹೊಲಗಳಾಚೆಯ ರೈತನ ತಲೆಯ ಮೇಲೆ ಬೀಳುತ್ತದೆ. ಇಷ್ಟು ದೊಡ್ಡ ಅಂತರ ಎಲ್ಲಿಂದ ಬರುತ್ತದೆಂಬುದನ್ನೂ, ಅದನ್ನು ಸರಿಪಡಿಸುವ ಮಾರ್ಗವನ್ನೂ ಇಲ್ಲಿ ವಿಚಾರಿಸೋಣ.

ಭೂಮಿಗೆ ಕೊಟ್ಟ ಆಕಾರ

ಭೂಮಿ ಪೂರ್ಣ ಗೋಳವಲ್ಲ. ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವ ಗೋಳಾಭ. ಬೆಟ್ಟ ಕಣಿವೆಗಳನ್ನು ಬದಿಗಿಟ್ಟು ನೋಡಿದರೂ ಅದರ ಮೈ ಸಮವಾಗಿಲ್ಲ. ಆದಕಾರಣ ಭೂಮಾಪಕರು ಲೆಕ್ಕಕ್ಕೆ ಒಗ್ಗುವ ಒಂದು ನಯವಾದ ಗೋಳಾಭವನ್ನು ಕಲ್ಪಿಸಿ, ಅದನ್ನು ನಿಜವಾದ ಭೂಮಿಗೆ ಆದಷ್ಟೂ ಹೊಂದುವಂತೆ ಕೂರಿಸುತ್ತಾರೆ. ಹೀಗೆ ಕೂರಿಸಿದ ಗೋಳಾಭಕ್ಕೆ ಡೇಟಮ್, ಅಂದರೆ ಆಧಾರ ವ್ಯವಸ್ಥೆ, ಎಂದು ಹೆಸರು. ಅಕ್ಷಾಂಶ ರೇಖಾಂಶಗಳನ್ನು ನಾವು ಎಣಿಸುವುದು ಈ ಕಲ್ಪಿತ ಮೈಯ ಮೇಲೆ.

ನಮ್ಮ ದೇಶದ ಹಳೆಯ ಆಧಾರ ವ್ಯವಸ್ಥೆಯ ಕಥೆಗೆ ಕನ್ನಡನಾಡಿನ ನಂಟಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ದಕ್ಷಿಣ ಭಾರತವನ್ನು ತ್ರಿಕೋನಗಳ ಬಲೆಯಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. ೧೮೦೦ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರ ರೇಖೆಯನ್ನು ಅಳೆದನು. ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಇನ್ನೊಂದನ್ನು ಅಳೆದು ಮಹಾ ತ್ರಿಕೋನ ಮೋಜಣಿಯನ್ನು ಆರಂಭಿಸಿದನು. ೧೮೦೪ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ರೇಖೆಯನ್ನಳೆದು ತನ್ನ ಲೆಕ್ಕವನ್ನು ತಾಳೆನೋಡಿದನು. ಅವನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟ್ ಈ ಅಳತೆಗಳನ್ನು ಬಳಸಿ ೧೮೩೦ರಲ್ಲಿ ಗಣಿಸಿದ ಗೋಳಾಭವೇ ಮುಂದೆ ಭಾರತದ ನಕ್ಷೆಗಳಿಗೆಲ್ಲ ತಳಹದಿಯಾಯಿತು. ಇಂದಿನ ಮಧ್ಯಪ್ರದೇಶದಲ್ಲಿರುವ ಕಲ್ಯಾಣಪುರ ಅದರ ಮೂಲಬಿಂದು.

ಆ ಗೋಳಾಭವನ್ನು ಭಾರತದ ನೆಲಕ್ಕೆ ಹೊಂದುವಂತೆ ಕೂರಿಸಿದ್ದರೇ ಹೊರತು ಇಡೀ ಭೂಮಿಗೆ ಹೊಂದುವಂತೆ ಅಲ್ಲ. ಆಗ ಅದಕ್ಕೆ ಉಪಾಯವೂ ಇರಲಿಲ್ಲ. ನಕ್ಷತ್ರಗಳನ್ನು ನೋಡಿ ಸ್ಥಾನವನ್ನು ನಿಶ್ಚಯಿಸುವವನು 'ನೇರ ಮೇಲೆ' ಯಾವುದೆಂಬುದಕ್ಕೆ ಮಟ್ಟಗುಂಡನ್ನೇ ನಂಬಬೇಕು. ಪರ್ವತಗಳ ಸೆಳೆತದಿಂದಲೂ ನೆಲದೊಳಗಿನ ದ್ರವ್ಯದ ಏರುಪೇರಿನಿಂದಲೂ ಆ ಗುಂಡು ಕಿಂಚಿತ್ತು ಓರೆಯಾಗಿ ತೂಗುತ್ತದೆ. ಗ್ರೀನಿಚ್ಚಿನ ವೀಕ್ಷಣಾಲಯದಲ್ಲಿ ನೆಲದ ಮೇಲೆ ಗುರುತಿಸಿರುವ ಸೊನ್ನೆ ರೇಖಾಂಶದ ಗೆರೆಯ ಮೇಲೆ ನಿಂತವನ ದೂರವಾಣಿ ಇಂದು ಸೊನ್ನೆಯನ್ನು ತೋರಿಸದಿರಲು ಕಾರಣ ಇದೇ. ಉಪಗ್ರಹಗಳ ಸೊನ್ನೆಯ ಗೆರೆ ಅಲ್ಲಿಂದ ೧೦೨ ಮೀಟರು ಪೂರ್ವಕ್ಕೆ ಹಾಯುತ್ತದೆ.

ಉಪಗ್ರಹಗಳು ಭೂಮಿಯ ದ್ರವ್ಯಕೇಂದ್ರವನ್ನು ಸುತ್ತುತ್ತವೆ. ಆದುದರಿಂದ ಅವುಗಳ ನೆರವಿನಿಂದ ಇಡೀ ಭೂಮಿಗೆ ಒಪ್ಪುವ, ಅದರ ಕೇಂದ್ರದಲ್ಲೇ ತನ್ನ ಕೇಂದ್ರವನ್ನಿಟ್ಟ ಗೋಳಾಭವನ್ನು ಕೂರಿಸುವುದು ಸಾಧ್ಯವಾಯಿತು. ಜಿ.ಪಿ.ಎಸ್. ಬಳಸುವ ಡಬ್ಲ್ಯೂ.ಜಿ.ಎಸ್. ೮೪ ಅಂಥದು. ಅದರ ಭೂಮಧ್ಯರೇಖೆಯ ತ್ರಿಜ್ಯ ೬೩,೭೮,೧೩೭ ಮೀಟರು. ಎವರೆಸ್ಟನ ಗೋಳಾಭದ ತ್ರಿಜ್ಯ ಇದಕ್ಕಿಂತ ೮೦೦ ಮೀಟರಿಗೂ ಹೆಚ್ಚು ಕಡಮೆ. ಅದರ ಕೇಂದ್ರವೂ ಭೂಕೇಂದ್ರದಿಂದ ಸುಮಾರು ೮೩೦ ಮೀಟರು ಆಚೆಗಿದೆ. ಇದೂ ಸಾಲದೆಂಬಂತೆ, ಅಡಿಯನ್ನು ಮೀಟರಿಗೆ ಪರಿವರ್ತಿಸುವ ಸಂಖ್ಯೆ ಕಾಲಕಾಲಕ್ಕೆ ಬದಲಾದುದರಿಂದ 'ಎವರೆಸ್ಟ್ ೧೮೩೦' ಎಂಬ ಒಂದೇ ಹೆಸರಿನ ಗೋಳಾಭಕ್ಕೆ ಹಲವು ತ್ರಿಜ್ಯಗಳು ಬಳಕೆಯಲ್ಲಿವೆ: ಒಂದರಲ್ಲಿ ೬೩,೭೭,೨೭೬ ಮೀಟರು, ಇನ್ನೊಂದರಲ್ಲಿ ೬೩,೭೭,೩೦೧ ಮೀಟರು.

ಇದರ ಫಲವೇನು? ನೆಲದ ಮೇಲಣ ಒಂದೇ ಕಲ್ಲಿಗೆ ಎರಡು ಅಕ್ಷಾಂಶಗಳೂ ಎರಡು ರೇಖಾಂಶಗಳೂ ಉಂಟಾಗುತ್ತವೆ, ಎರಡೂ ತಮ್ಮ ತಮ್ಮ ವ್ಯವಸ್ಥೆಯಲ್ಲಿ ಸರಿಯಾಗಿಯೇ ಇರುತ್ತವೆ. ಭಾರತಕ್ಕೆಂದು ಪ್ರಕಟವಾಗಿರುವ ಪರಿವರ್ತನ ಸಂಖ್ಯೆಗಳನ್ನು ಹಿಡಿದು ಲೆಕ್ಕ ಮಾಡಿದರೆ, ದೂರವಾಣಿ ಬೆಂಗಳೂರಿನಲ್ಲಿ ತೋರಿಸುವ ಅಂಕಗಳನ್ನು ಹಾಗೆಯೇ ಹಳೆಯ ಹಾಳೆಯ ಮೇಲೆ ಗುರುತಿಸಿದಾಗ ಬಿಂದುವು ಸ್ಥೂಲವಾಗಿ ೧೫೫ ಮೀಟರು ಉತ್ತರಕ್ಕೂ ೧೩೦ ಮೀಟರು ಪಶ್ಚಿಮಕ್ಕೂ ಸರಿದು ಬೀಳುತ್ತದೆ. ಒಟ್ಟು ಸರಿತ ಸುಮಾರು ೨೦೦ ಮೀಟರು. ಐವತ್ತು ಸಾವಿರಕ್ಕೊಂದರ ಪ್ರಮಾಣದ ಹಾಳೆಯಲ್ಲಿ ಇದು ಬರಿಯ ನಾಲ್ಕು ಮಿಲಿಮೀಟರು. ನೆಲದಲ್ಲಿ ಒಂದು ಸಣ್ಣ ಕೆರೆಯ ಏರಿಯಷ್ಟು ಉದ್ದ.

ಗೋಳವನ್ನು ಹಾಳೆಯ ಮೇಲೆ ಹಾಸುವುದು

ಎರಡನೆಯ ತೊಡಕು ಗೋಳಕ್ಕೂ ಹಾಳೆಗೂ ಇರುವ ಹಗೆತನ. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ, ಹಿಗ್ಗಿಸದೆ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಲಾಗದು. ಗೋಳವನ್ನು ಹಾಳೆಗಿಳಿಸುವ ಗಣಿತ ವಿಧಾನಕ್ಕೆ ಪ್ರಕ್ಷೇಪವೆಂದು ಹೆಸರು. ಪ್ರತಿಯೊಂದು ಪ್ರಕ್ಷೇಪವೂ ಉದ್ದ, ವಿಸ್ತೀರ್ಣ, ಆಕಾರ, ದಿಕ್ಕು ಇವುಗಳಲ್ಲಿ ಯಾವುದಾದರೊಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ತೆರಬೇಕಾಗುತ್ತದೆ.

ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳು ಬಹುಶಂಕು ಪ್ರಕ್ಷೇಪದಲ್ಲಿವೆ. ೨೦೦೫ರ ರಾಷ್ಟ್ರೀಯ ಭೂಪಟ ನೀತಿಯ ತರುವಾಯ ಸಾರ್ವಜನಿಕರಿಗಾಗಿ ಸಿದ್ಧವಾದ ಹಾಳೆಗಳು ಡಬ್ಲ್ಯೂ.ಜಿ.ಎಸ್. ೮೪ ಆಧಾರದ ಮೇಲೆ ಯು.ಟಿ.ಎಂ. ಎಂಬ ಪ್ರಕ್ಷೇಪದಲ್ಲಿವೆ. ಇದರಲ್ಲಿ ಭೂಮಿಯನ್ನು ಆರಾರು ಡಿಗ್ರಿ ಅಗಲದ ೬೦ ವಲಯಗಳಾಗಿ ಸೀಳಿ, ಪ್ರತಿಯೊಂದು ವಲಯವನ್ನೂ ಬೇರೆಬೇರೆಯಾಗಿ ಹಾಸುತ್ತಾರೆ. ವಲಯದ ನಡುಗೆರೆಗೆ ೫,೦೦,೦೦೦ ಮೀಟರು ಎಂಬ ಅಂಕವನ್ನು ಕೊಟ್ಟು ಪೂರ್ವ ಪಶ್ಚಿಮಗಳಿಗೆ ಎಣಿಸುತ್ತಾರೆ. ಉತ್ತರ ಗೋಲಾರ್ಧದಲ್ಲಿ ಉತ್ತರದ ಎಣಿಕೆ ಭೂಮಧ್ಯರೇಖೆಯಿಂದ. ೪೩ನೆಯ ವಲಯ ೭೨ರಿಂದ ೭೮ ಡಿಗ್ರಿ ರೇಖಾಂಶದವರೆಗೆ, ೪೪ನೆಯದು ೭೮ರಿಂದ ೮೪ರವರೆಗೆ. ಕರ್ನಾಟಕದ ಬಹುಭಾಗ ಮೊದಲನೆಯದರಲ್ಲಿದೆ. ಆದರೆ ಗಡಿಗೆರೆ ಬೆಂಗಳೂರಿಗೂ ಕೋಲಾರಕ್ಕೂ ನಡುವೆ ಹಾಯುವುದರಿಂದ ಕೋಲಾರ ಪಟ್ಟಣ ಎರಡನೆಯದಕ್ಕೆ ಸೇರುತ್ತದೆ.

ಅಂತರ್ಜಾಲದ ನಕ್ಷೆಗಳಲ್ಲಿ ರೂಢಿಯಲ್ಲಿರುವುದು 'ವೆಬ್ ಮರ್ಕೇಟರ್' ಎಂಬ ಮೂರನೆಯ ಬಗೆ. ಇಡೀ ಜಗತ್ತನ್ನು ಒಂದೇ ಚೌಕದಲ್ಲಿ ತೋರಿಸುವುದಕ್ಕೆ ಇದು ಅನುಕೂಲ. ಆದರೆ ಧ್ರುವಗಳ ಕಡೆಗೆ ಸಾಗಿದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಉದ್ದವು ನೂರಕ್ಕೆ ಎರಡೂವರೆ ಪಾಲಿನಷ್ಟೂ ವಿಸ್ತೀರ್ಣವು ನೂರಕ್ಕೆ ಐದು ಪಾಲಿಗಿಂತ ತುಸು ಹೆಚ್ಚೂ ಉಬ್ಬುತ್ತವೆ. ದೆಹಲಿಯ ಅಕ್ಷಾಂಶದಲ್ಲಿ ವಿಸ್ತೀರ್ಣದ ಉಬ್ಬು ನೂರಕ್ಕೆ ೩೦ರ ಸಮೀಪಕ್ಕೆ ಹೋಗುತ್ತದೆ. ಇದರ ಮೇಲೆ ಜಮೀನಿನ ವಿಸ್ತೀರ್ಣವನ್ನು ಅಳೆಯುವುದು ರಬ್ಬರಿನ ಪಟ್ಟಿಯಿಂದ ಬಟ್ಟೆಯನ್ನು ಅಳೆದಂತೆ.

ಅಂತರವೇ ರೋಗಲಕ್ಷಣ

ಪದರಗಳು ಕೂಡದಿದ್ದಾಗ ಮೊದಲು ನೋಡತಕ್ಕದ್ದು ಅವುಗಳ ನಡುವಣ ಅಂತರವನ್ನು. ಅಂತರದ ಗಾತ್ರವೇ ಬಹುಮಟ್ಟಿಗೆ ಅದರ ಕಾರಣವನ್ನು ಹೇಳುತ್ತದೆ.

ಅಂತರ ಸಾವಿರ ಕಿಲೋಮೀಟರಿಗೂ ಮೀರಿದ್ದರೆ, ಮಾನ ತಪ್ಪಿದೆ ಅಥವಾ ಅಂಕಗಳು ಅದಲುಬದಲಾಗಿವೆ. ಬೆಂಗಳೂರಿನ ಅಕ್ಷಾಂಶ ೧೨.೯೭, ರೇಖಾಂಶ ೭೭.೫೯. ಒಂದನ್ನು ಇನ್ನೊಂದರ ಸ್ಥಾನದಲ್ಲಿ ಬರೆದರೆ ಬೆಂಗಳೂರು ಉತ್ತರ ಧ್ರುವದ ಕಡೆಗೆ ಹೋಗಿ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಹಿಮಗಡಲಿನಲ್ಲಿ ನೆಲಸುತ್ತದೆ. ಡಿಗ್ರಿಯ ಅಂಕಗಳನ್ನು ತಂತ್ರಾಂಶವು ೪೩ನೆಯ ವಲಯದ ಮೀಟರುಗಳೆಂದು ಭಾವಿಸಿದರೆ, ಇಡೀ ಕರ್ನಾಟಕ ಒಂದು ಕೋಣೆಯಷ್ಟು ಜಾಗಕ್ಕೆ ಕುಗ್ಗಿ, ಮಾಲ್ಡೀವ್ಸ್ ದ್ವೀಪಗಳ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಅಂಚಿನಲ್ಲಿ, ಹಿಂದೂ ಮಹಾಸಾಗರದ ಮೇಲೆ ತೇಲುತ್ತದೆ.

ಅಂತರ ನೂರಾರು ಕಿಲೋಮೀಟರಾಗಿದ್ದು ಪೂರ್ವ ಪಶ್ಚಿಮಕ್ಕೆ ಮಾತ್ರ ಇದ್ದರೆ, ವಲಯ ತಪ್ಪಿದೆಯೆಂದು ತಿಳಿಯಬೇಕು. ೪೪ನೆಯ ವಲಯದಲ್ಲಿ ಕೋಲಾರದ ಪೂರ್ವಾಂಕ ಸುಮಾರು ೧,೮೯,೦೦೦ ಮೀಟರು. ಇದೇ ಅಂಕವನ್ನು ೪೩ನೆಯ ವಲಯದ್ದೆಂದು ಓದಿದರೆ ಕೋಲಾರ ಆರು ಡಿಗ್ರಿ, ಅಂದರೆ ಸುಮಾರು ೬೫೦ ಕಿಲೋಮೀಟರು, ಪಡುವಲಿಗೆ ಹಾರಿ ಅರಬ್ಬೀ ಸಮುದ್ರದಲ್ಲಿ ಮುಳುಗುತ್ತದೆ.

ಅಂತರ ನೂರಿನ್ನೂರು ಮೀಟರಾಗಿದ್ದರೆ, ಆಧಾರ ವ್ಯವಸ್ಥೆ ಬೇರೆ. ಮೇಲೆ ಹೇಳಿದ ಎರಡು ತಪ್ಪುಗಳು ನಗೆ ತರಿಸುವಂಥವು. ಸಮುದ್ರದಲ್ಲಿ ಬಿದ್ದ ಕೋಲಾರವನ್ನು ಯಾರೂ ನಂಬಲಾರರು. ಅಪಾಯವಿರುವುದು ಈ ಮೂರನೆಯದರಲ್ಲಿ. ಊರು ಊರಿನಲ್ಲಿಯೇ ಇರುತ್ತದೆ, ರಸ್ತೆ ರಸ್ತೆಯಂತೆಯೇ ಕಾಣುತ್ತದೆ. ಅವಸರದ ಕಣ್ಣಿಗೆ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ಹೀಗೆ ನಂಬಿಕೆ ಹುಟ್ಟಿಸುವ ತಪ್ಪಿನ ಮೇಲೆಯೇ ನೋಟೀಸುಗಳು ಹೊರಡುವ ಸಂಭವ ಹೆಚ್ಚು.

ಕೊನೆಯದಾಗಿ, ಒಂದು ಮೂಲೆಯಲ್ಲಿ ಕೂಡಿ ಇನ್ನೊಂದು ಮೂಲೆಯಲ್ಲಿ ಬಿಡುವ ಪದರಗಳುಂಟು. ಅಲ್ಲಿ ಮೂಲ ಹಾಳೆಯೇ ಕುಗ್ಗಿರಬಹುದು, ಅಥವಾ ಅದನ್ನು ನೆಲಕ್ಕೆ ಹೊಂದಿಸಿದವರು ಆರಿಸಿದ ಬಿಂದುಗಳು ಸರಿಯಿಲ್ಲದಿರಬಹುದು.

ಹೆಸರಿಡುವುದು ಬೇರೆ, ಪರಿವರ್ತಿಸುವುದು ಬೇರೆ

ಪರಿಹಾರದ ಮಾರ್ಗದಲ್ಲಿ ಎರಡು ಕ್ರಿಯೆಗಳಿವೆ. ಇವನ್ನು ಒಂದೇ ಎಂದು ತಿಳಿಯುವುದರಿಂದಲೇ ಅರ್ಧಕ್ಕರ್ಧ ತಪ್ಪುಗಳು ಆಗುತ್ತವೆ.

ಮೊದಲನೆಯದು ಹೆಸರಿಡುವುದು: ಈ ಪದರದ ಅಂಕಗಳು ಇಂಥ ವ್ಯವಸ್ಥೆಗೆ ಸೇರಿದವು ಎಂದು ತಂತ್ರಾಂಶಕ್ಕೆ ತಿಳಿಸುವುದು. ಇದರಿಂದ ಅಂಕಗಳು ಬದಲಾಗುವುದಿಲ್ಲ. ಅವುಗಳ ಅರ್ಥ ಮಾತ್ರ ನಿಶ್ಚಯವಾಗುತ್ತದೆ. ಎರಡನೆಯದು ಪರಿವರ್ತಿಸುವುದು: ಒಂದು ವ್ಯವಸ್ಥೆಯ ಅಂಕಗಳಿಂದ ಲೆಕ್ಕ ಮಾಡಿ ಇನ್ನೊಂದು ವ್ಯವಸ್ಥೆಯ ಹೊಸ ಅಂಕಗಳನ್ನು ಪಡೆಯುವುದು. ನಮ್ಮ ಪಂಚಾಂಗ ಗಣಿತವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಪ್ರಾಚೀನ ಜ್ಯೋತಿರ್ಗಣಿತದಲ್ಲಿ ಲಂಕೆ ಉಜ್ಜಯಿನಿಗಳ ಮೂಲಕ ಹಾಯುವ ರೇಖೆಯನ್ನು ಮೂಲವಾಗಿ ಹಿಡಿದು ಗ್ರಹಗತಿಯನ್ನು ಗಣಿಸಿ, ಅನಂತರ ಆಯಾ ಊರಿಗೆ ಒಪ್ಪುವಂತೆ ದೇಶಾಂತರ ಸಂಸ್ಕಾರವನ್ನು ಮಾಡುತ್ತಿದ್ದರು. ಸಂಸ್ಕಾರ ಮಾಡದೆ, ಉಜ್ಜಯಿನಿಯ ಗಣಿತದ ಮೇಲೆ ತಮ್ಮ ಊರಿನ ಹೆಸರನ್ನು ಬರೆದುಕೊಂಡ ಮಾತ್ರಕ್ಕೆ ಅದು ಆ ಊರಿನ ಪಂಚಾಂಗವಾಗಲಾರದು. ಎವರೆಸ್ಟ್ ಆಧಾರದ ಪದರಕ್ಕೆ 'ಡಬ್ಲ್ಯೂ.ಜಿ.ಎಸ್. ೮೪' ಎಂಬ ಹೆಸರಿನ ಚೀಟಿಯನ್ನು ಅಂಟಿಸುವವರು ಮಾಡುವುದು ಇದನ್ನೇ.

ಆದುದರಿಂದ ಮೊದಲು ಪದರದ ನಿಜವಾದ ವ್ಯವಸ್ಥೆಯನ್ನು ಕಂಡುಹಿಡಿದು ಹೆಸರಿಡಬೇಕು. ಆಮೇಲೆ ಬೇಕಾದ ವ್ಯವಸ್ಥೆಗೆ ಪರಿವರ್ತಿಸಬೇಕು. ವ್ಯವಸ್ಥೆಗಳಿಗೆ ಈ.ಪಿ.ಎಸ್.ಜಿ. ಸಂಖ್ಯೆಗಳೆಂಬ ಜಾಗತಿಕ ಗುರುತುಗಳಿವೆ: ಡಬ್ಲ್ಯೂ.ಜಿ.ಎಸ್. ೮೪ರ ಅಕ್ಷಾಂಶ ರೇಖಾಂಶಗಳಿಗೆ ೪೩೨೬, ಅದೇ ಆಧಾರದ ಯು.ಟಿ.ಎಂ. ಉತ್ತರ ೪೩ನೆಯ ವಲಯಕ್ಕೆ ೩೨೬೪೩, ೪೪ನೆಯದಕ್ಕೆ ೩೨೬೪೪, ವೆಬ್ ಮರ್ಕೇಟರಿಗೆ ೩೮೫೭. ಶೇಪ್‌ಫೈಲ್ ಎಂಬ ಬಗೆಯ ಪದರಗಳಲ್ಲಿ ಈ ವಿವರ 'ಪಿ.ಆರ್.ಜೆ.' ಎಂಬ ಪುಟ್ಟ ಜೊತೆಕಡತದಲ್ಲಿರುತ್ತದೆ. ನಕಲು ಮಾಡುವಾಗ ಅದೊಂದನ್ನು ಬಿಟ್ಟರೆ ಪದರವು ವಿಳಾಸವಿಲ್ಲದ ಅಂಚೆಯಾಗುತ್ತದೆ. ಆಗ ಅಂಕಗಳ ಗಾತ್ರವೇ ಸುಳಿವು. ಕರ್ನಾಟಕದ ಪದರದಲ್ಲಿ ಅಂಕಗಳು ೭೫, ೧೩ರಂತೆ ಸಣ್ಣವಾಗಿದ್ದರೆ ಅವು ಡಿಗ್ರಿಗಳು. ಪೂರ್ವಾಂಕ ಆರು ಸ್ಥಾನ, ಉತ್ತರಾಂಕ ಏಳು ಸ್ಥಾನವಿದ್ದರೆ ಬಹುಶಃ ಯು.ಟಿ.ಎಂ. ಪೂರ್ವಾಂಕ ೮೨ ಲಕ್ಷದಿಂದ ೮೮ ಲಕ್ಷದ ನಡುವೆ ಇದ್ದರೆ ವೆಬ್ ಮರ್ಕೇಟರ್. ಡಿಗ್ರಿಯ ಅಂಕಗಳನ್ನು ನೋಡಿ ಅವು ಯಾವ ಆಧಾರದವೆಂದು ಮಾತ್ರ ಹೇಳಲಾಗದು. ಅದಕ್ಕೆ ಹಾಳೆಯ ಅಂಚಿನ ಬರಹವನ್ನೋ ಪದರವನ್ನು ತಯಾರಿಸಿದವರನ್ನೋ ಕೇಳಬೇಕು.

ಕ್ಯೂಜಿಐಎಸ್, ಆರ್ಕ್‌ಜಿಐಎಸ್ ಮುಂತಾದ ತಂತ್ರಾಂಶಗಳು ಬೇರೆಬೇರೆ ವ್ಯವಸ್ಥೆಗಳ ಪದರಗಳನ್ನು ತೆರೆಯ ಮೇಲೆ ತಾವಾಗಿಯೇ ಕೂಡಿಸಿ ತೋರಿಸುತ್ತವೆ. ಆದರೆ ಹೆಸರು ತಪ್ಪಾಗಿದ್ದರೆ ಈ ಕೂಡಿಕೆಯೂ ತಪ್ಪೇ. ಆಧಾರ ವ್ಯವಸ್ಥೆ ಬದಲಾಗುವಲ್ಲಿ ಯಾವ ಪರಿವರ್ತನ ಸಂಖ್ಯೆಗಳನ್ನು ಬಳಸಬೇಕೆಂದು ತಿಳಿಸದಿದ್ದರೆ, ತಂತ್ರಾಂಶವು ಆ ಸಂಸ್ಕಾರವನ್ನೇ ಬಿಟ್ಟುಬಿಡಬಹುದು. ಆಗ ಇನ್ನೂರು ಮೀಟರು ಹಾಗೆಯೇ ಉಳಿಯುತ್ತದೆ. ಇನ್ನು ಉದ್ದ ವಿಸ್ತೀರ್ಣಗಳನ್ನು ಲೆಕ್ಕ ಮಾಡುವ ಮುನ್ನ ಎಲ್ಲ ಪದರಗಳನ್ನೂ ಮೀಟರಿನ ಒಂದೇ ವ್ಯವಸ್ಥೆಗೆ ನಿಜವಾಗಿಯೇ ಪರಿವರ್ತಿಸಿ ಉಳಿಸಿಕೊಳ್ಳುವುದು ಮೇಲು.

ಪದರವನ್ನು ಕೈಯಿಂದ ಎಳೆದು ಕೂಡಿಸುವ ಆಸೆ ಹಲವರಿಗೆ ಬರುತ್ತದೆ. ಅದು ಏಕೆ ಸಲ್ಲದೆಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಹಿಂದಿನ ಲೆಕ್ಕದಂತೆಯೇ ಗಣಿಸಿದರೆ ಬೆಂಗಳೂರಿನಲ್ಲಿ ಉತ್ತರದ ಸರಿತ ೧೫೫ ಮೀಟರಾದರೆ ಬೀದರಿನಲ್ಲಿ ಸುಮಾರು ೧೧೦. ದೆಹಲಿಯಲ್ಲಿ ಹತ್ತಕ್ಕೂ ಕಡಮೆ. ಬೆಂಗಳೂರಿನಲ್ಲಿ ಎಳೆದು ಕೂಡಿಸಿದ ಪದರವು ಬೀದರಿನಲ್ಲಿ ೪೫ ಮೀಟರಿನಷ್ಟು ಬಿಟ್ಟುಕೊಳ್ಳುತ್ತದೆ.

ಗ್ರಾಮನಕ್ಷೆಯ ಸಮಸ್ಯೆ

ಯಾವ ವ್ಯವಸ್ಥೆಯೂ ಇಲ್ಲದ ನಕ್ಷೆಗಳೂ ಉಂಟು. ನಮ್ಮ ಹಳೆಯ ಗ್ರಾಮನಕ್ಷೆಗಳನ್ನು ೩೩ ಅಡಿಯ ಸರಪಳಿಯಿಂದ ಅಳೆದು, ಮೈಲಿಗೆ ೮ ಅಂಗುಲದ ಪ್ರಮಾಣದಲ್ಲಿ ಬರೆದಿದ್ದಾರೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ಇಂಥ ೪೦ ಗುಂಟೆಗೆ ಒಂದು ಎಕರೆ. ಊರೊಳಗಿನ ಲೆಕ್ಕಕ್ಕೆ ಇದು ಅಚ್ಚುಕಟ್ಟು. ಆದರೆ ಅವುಗಳಲ್ಲಿ ಅಕ್ಷಾಂಶ ರೇಖಾಂಶಗಳಿಲ್ಲ. ಊರು ಜಗತ್ತಿನಲ್ಲಿ ಎಲ್ಲಿದೆಯೆಂದು ನಕ್ಷೆ ಹೇಳುವುದಿಲ್ಲ.

ಇಂಥ ಕಡೆ ಪರಿವರ್ತನೆಯ ಸೂತ್ರ ನಡೆಯದು. ನಕ್ಷೆಯಲ್ಲೂ ನೆಲದಲ್ಲೂ ನಿಸ್ಸಂದೇಹವಾಗಿ ಗುರುತಿಸಬಲ್ಲ ಬಿಂದುಗಳನ್ನು ಆರಿಸಿ, ಅವುಗಳ ಮೂಲಕ ನಕ್ಷೆಯನ್ನು ನೆಲಕ್ಕೆ ಬಿಗಿಯಬೇಕು. ಮೂರು ಗ್ರಾಮಗಳ ಗಡಿ ಕೂಡುವೆಡೆಯ ಬಾಂದುಕಲ್ಲುಗಳು ಇದಕ್ಕೆ ಯೋಗ್ಯ. ನಾಲ್ಕು ಮೂಲೆಗಳಲ್ಲೂ ನಡುವಿನಲ್ಲೂ ಬಿಂದುಗಳು ಹರಡಿಕೊಂಡಿರಬೇಕು. ಎಲ್ಲವನ್ನೂ ಒಂದೇ ಬದಿಯಲ್ಲಿ ಆರಿಸಿದರೆ ಇನ್ನೊಂದು ಬದಿ ಸಡಿಲವಾಗಿ ಉಳಿಯುತ್ತದೆ. ಹರಿಯುವ ಹಳ್ಳದ ತಿರುವು, ಮರ ಮೊದಲಾದುವು ಕಾಲಾಂತರದಲ್ಲಿ ಬದಲಾಗುವುದರಿಂದ ನಂಬತಕ್ಕವಲ್ಲ. ಬಿಗಿಯುವಾಗ ಬಳಸದ ಎರಡು ಮೂರು ಕಲ್ಲುಗಳನ್ನು ತೆಗೆದಿಟ್ಟುಕೊಂಡು ಕೊನೆಗೆ ಅವುಗಳಿಂದ ತಾಳೆನೋಡಿದರೆ, ಉಳಿದಿರುವ ತಪ್ಪು ಎಷ್ಟು ಮೀಟರೆಂಬುದು ಪ್ರಾಮಾಣಿಕವಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಲ್ಯಾಂಬ್ಟನ್ ಎರಡನೆಯ ರೇಖೆಯನ್ನಳೆದದ್ದೂ ಇಂಥ ತಾಳೆಗಾಗಿಯೇ.

೨೦೨೦ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಸತಿ ಪ್ರದೇಶಗಳನ್ನು ಡ್ರೋನುಗಳಿಂದ ಅಳೆಯಲಾಗಿದೆ. ಇಂಥ ಹೊಸ ಅಳತೆಗಳ ಸೂಕ್ಷ್ಮತೆ ಸೆಂಟಿಮೀಟರುಗಳ ಮಟ್ಟದ್ದು. ಆ ಮಟ್ಟಕ್ಕೆ ಇಳಿದಾಗ ನೆಲವೇ ನಿಶ್ಚಲವಲ್ಲವೆಂಬುದೂ ಲೆಕ್ಕಕ್ಕೆ ಬರುತ್ತದೆ: ಭಾರತದ ಭೂಫಲಕ ವರ್ಷಕ್ಕೆ ಸುಮಾರು ೫ ಸೆಂಟಿಮೀಟರು ಈಶಾನ್ಯಕ್ಕೆ ಸರಿಯುತ್ತಿದೆ, ೨೦ ವರ್ಷಗಳಲ್ಲಿ ಒಂದು ಮೀಟರು. ಆದುದರಿಂದ ಸೂಕ್ಷ್ಮವಾದ ನಿರ್ದೇಶಾಂಕಗಳ ಜೊತೆಗೆ ಅವನ್ನು ಅಳೆದ ವರ್ಷವನ್ನೂ ಬರೆದಿಡುತ್ತಾರೆ.

ಹಳೆಯ ಸರ್ವೇ ಹಾಳೆಗಳನ್ನು ಬಿಡಿಸಿ ನೋಡಿದವರು ಅವುಗಳ ಅಂಚಿನ ಸಣ್ಣ ಅಕ್ಷರಗಳ ಟಿಪ್ಪಣಿಗಳನ್ನು ಗಮನಿಸಿರಬಹುದು: ಪ್ರಮಾಣ, ಅಳೆದ ವರ್ಷ ಇತ್ಯಾದಿ. ಗಣಕದ ಪದರಕ್ಕೆ ಅಂಚಿಲ್ಲ. ಆದ್ದರಿಂದ ಈ ವಿವರವನ್ನು ಮನಸ್ಸಿಟ್ಟು ಬರೆದು ಜೊತೆಗೆ ಕಳಿಸಬೇಕಾಗುತ್ತದೆ. ಪದರವನ್ನು ಪಡೆಯುವವರು, ನೋಟೀಸು ಪಡೆದ ರೈತನೂ ಸೇರಿದಂತೆ, ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ಆಧಾರದ ಮೇಲಿದೆ? ಯಾವ ಪ್ರಕ್ಷೇಪದಲ್ಲಿದೆ? ನೆಲದ ಮೇಲಣ ಯಾವ ಕಲ್ಲಿನೊಂದಿಗೆ ಇದನ್ನು ತಾಳೆನೋಡಲಾಗಿದೆ?